ಫ್ರಿಜ್ಜಿನಲ್ಲಿ ಅಡುಗೆ ಬೇಡ, ಅಡುಗೆಯ ಕೆಲಸ ಇರಲಿ

ಸಂಜೆ ಏಳೂವರೆಗೆ ಮನೆಗೆ ಬಂದು ಫ್ರಿಜ್ಜಿನ ಬಾಗಿಲು ತೆಗೆದವರು ಒಂದರೆಗಳಿಗೆ ಹಾಗೇ ನಿಂತುಬಿಡುತ್ತಾರೆ. ಒಳಗೆ ಏನೂ ಇಲ್ಲ ಅಂತಲ್ಲ. ಕೆಳಗಿನ ತರಕಾರಿ ಡ್ರಾಯರು ತುಂಬಿದೆ, ದಂಟಿನ ಸೊಪ್ಪು ತಂದ ಚೀಲದಲ್ಲೇ ಬಿದ್ದಿದೆ, ಮೂರು ಸ್ಟೀಲ್ ಡಬ್ಬಿಗಳಲ್ಲಿ ಏನೇನೋ ಇದೆ. ಆದರೆ ಸೊಪ್ಪು ಬಿಡಿಸಿಲ್ಲ, ಕಾಯಿ ತುರಿದಿಲ್ಲ, ಕಾಳು ನೆನೆಸಿಲ್ಲ. ಬಾಗಿಲು ಮುಚ್ಚುತ್ತದೆ. ಆಮೇಲೆ ಉಪ್ಪಿಟ್ಟು, ಇಲ್ಲವೇ ನೂಡಲ್ಸ್, ಅದೂ ಇಲ್ಲದಿದ್ದರೆ ಮೊಬೈಲಿನಲ್ಲಿ ಆರ್ಡರ್.

ಮುದ್ದೆ-ಬಸ್ಸಾರು, ರೊಟ್ಟಿ-ಪಲ್ಯ, ಅನ್ನ-ಹುಳಿ-ಕೋಸಂಬರಿ ತಿನ್ನುವವರಿಗೆ ಆರೋಗ್ಯದ ಅಡುಗೆ ಯಾವುದೆಂದು ಹೊರಗಿನವರು ಹೇಳಿಕೊಡಬೇಕಾಗಿಲ್ಲ. ತೊಡಕಿರುವುದು ಲೆಕ್ಕದಲ್ಲಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿ, ವಯಸ್ಕರೊಬ್ಬರಿಗೆ ದಿನಕ್ಕೆ ಸೊಪ್ಪೂ ಸೇರಿ ಸುಮಾರು 400 ಗ್ರಾಂ ತರಕಾರಿ ಬೇಕೆನ್ನುತ್ತದೆ. ನಾಲ್ವರಿರುವ ಮನೆಗೆ ಅದು ಒಂದೂವರೆ ಕಿಲೊ ದಾಟಿತು. ಅಷ್ಟನ್ನು ದಿನಾ ತೊಳೆದು, ನಾರು ತೆಗೆದು, ಹೆಚ್ಚಿ ಒಲೆಗೇರಿಸುವ ಹೊತ್ತಿಗೆ ಒಂಬತ್ತೂವರೆ ಆಗಿರುತ್ತದೆ. ಬೇಳೆ ಬೇಯಲು ಕುಕ್ಕರಿನ ಮೂರು ಸೀಟಿ ಸಾಕು, ಮುದ್ದೆ ಕಟ್ಟಲು ಇಪ್ಪತ್ತು ನಿಮಿಷ ಸಾಕು. ಸಮಯ ತಿನ್ನುವುದೆಲ್ಲ ಒಲೆ ಹಚ್ಚುವ ಮುಂಚಿನ ಕೆಲಸ: ಬಿಡಿಸುವುದು, ಸುಲಿಯುವುದು, ತುರಿಯುವುದು, ರುಬ್ಬುವುದು.

ಹಾಗಾಗಿ ಫ್ರಿಜ್ಜಿನಲ್ಲಿ ಕೂಡಿಡಬೇಕಾದದ್ದು ಈ ಕೆಲಸವನ್ನು. ವಾರಕ್ಕಾಗುವಷ್ಟು ಅಡುಗೆಯನ್ನೇ ಭಾನುವಾರ ಮಾಡಿ ಡಬ್ಬಿಗಳಲ್ಲಿ ಸಾಲಾಗಿ ಜೋಡಿಸಿಡುವ ವಿಡಿಯೊಗಳನ್ನು ಎಲ್ಲರೂ ನೋಡಿದ್ದೇವೆ. ಅದು ನಮ್ಮ ಮನೆಗಳಿಗೆ ಒಗ್ಗುವುದಿಲ್ಲವೆಂದೇ ನನ್ನ ಅಭಿಪ್ರಾಯ. ಗುರುವಾರ ಭಾನುವಾರದ ಪಲ್ಯ ಬಡಿಸಿದರೆ ತಟ್ಟೆಯ ಮುಂದೆ ಮುಖಗಳು ಬಾಡುತ್ತವೆ. ಇನ್ನು ಮಡಿ-ಮುಸುರೆ ನೋಡುವ ಮನೆಗಳಲ್ಲಿ ಬೇಯಿಸಿದ ಅನ್ನ, ಹುಳಿ ಹಾಲು-ಮೊಸರಿನ ಪಕ್ಕ ಕೂರುವಂತೆಯೇ ಇಲ್ಲ. ಅದೇ ಬಿಡಿಸಿದ ಸೊಪ್ಪಿಗೆ, ತುರಿದ ಕಾಯಿಗೆ, ಮೊಳಕೆ ಕಟ್ಟಿದ ಕಾಳಿಗೆ ಯಾರ ತಕರಾರೂ ಇಲ್ಲ. ಒಲೆಯಿಂದ ಇಳಿಯುವುದು ಬಿಸಿ ಬಿಸಿ ಹೊಸ ಅಡುಗೆಯೇ, ಅದರ ಅರ್ಧ ಕೆಲಸ ಮಾತ್ರ ಮೊದಲೇ ಮುಗಿದಿರುತ್ತದೆ.

ಫ್ರಿಜ್ ಬರುವ ಮುಂಚೆಯೂ ಜನ ಇದನ್ನೇ ಮಾಡುತ್ತಿದ್ದರು. ಮಲೆನಾಡು, ಕರಾವಳಿಯಲ್ಲಿ ಬೇಸಿಗೆಯ ಹಲಸಿನಕಾಯಿಯನ್ನು ಮೇಣ ಒರೆಸಿ, ಸೊಳೆ ಬಿಡಿಸಿ, ಉಪ್ಪಿನಲ್ಲಿ ಹಾಕಿಡುತ್ತಿದ್ದರು; ಜಡಿಮಳೆಯಲ್ಲಿ ಆ ಉಪ್ಪುಸೊಳೆಯ ಉಪ್ಪು ಬಿಡಿಸಿಕೊಂಡರೆ ಪಲ್ಯಕ್ಕೆ ತಯಾರು. ಉತ್ತರ ಕರ್ನಾಟಕದ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಮೈಸೂರು ಕಡೆಯ ಸಾರಿನ ಪುಡಿ, ಹುಳಿಪುಡಿ ಎಲ್ಲವೂ ಬಿಡುವಿದ್ದಾಗ ಮಾಡಿ ಬಿಡುವಿಲ್ಲದ ದಿನಕ್ಕೆ ಎತ್ತಿಟ್ಟ ಕೆಲಸ. ಗೋದ್ರೆಜ್ ಕಂಪನಿ ದೇಶದ ಮೊದಲ ಫ್ರಿಜ್ ತಯಾರಿಸಿದ್ದು 1958ರಲ್ಲಿ. ಅದು ಮಧ್ಯಮ ವರ್ಗದ ಮನೆಗಳಿಗೆ ಬರುವಷ್ಟರಲ್ಲಿ ಇನ್ನೂ ಕೆಲವು ದಶಕ ಕಳೆದವು, ಬಂದ ಮೇಲೂ ಬಹುಕಾಲ ತಣ್ಣೀರಿಗೆ, ಹಾಲಿಗೆ, ಮಲ್ಲಿಗೆ ಹೂವಿಗೆ ಮೀಸಲಾಗಿತ್ತು. ಹೂವು ಇವತ್ತಿಗೂ ಜಾಗ ಬಿಟ್ಟುಕೊಟ್ಟಿಲ್ಲ; ದೋಸೆ ಹಿಟ್ಟಿನ ಪಕ್ಕದಲ್ಲೇ ಇರುತ್ತದೆ.

ಜೋಡಿಸುವ ಮೊದಲು ನಿಮ್ಮ ಫ್ರಿಜ್ಜಿನಲ್ಲಿ ಎಲ್ಲೆಲ್ಲಿ ಎಷ್ಟು ತಂಪು ಎಂದು ತಿಳಿದಿರಬೇಕು. ಒಂದೇ ಬಾಗಿಲಿನ ಫ್ರಿಜ್ಜಿನಲ್ಲಿ ತಂಪು ಹುಟ್ಟುವುದು ಮೇಲಿನ ಫ್ರೀಜರ್ ಪೆಟ್ಟಿಗೆಯಲ್ಲಿ. ಅದರ ಕೆಳಗಿರುವ ಚಿಲ್ಲರ್ ತಟ್ಟೆಯೇ ಫ್ರಿಜ್ ಭಾಗದಲ್ಲಿ ಅತಿ ತಣ್ಣಗಿನ ಜಾಗ. ಹಾಲಿನ ಪ್ಯಾಕೆಟ್ಟು, ಮಂಜು ಬಿಡಿಸಲು ಇಟ್ಟ ಮೀನು ಇರಬೇಕಾದದ್ದು ಅಲ್ಲಿ. ಎರಡು ಬಾಗಿಲಿನ ಫ್ರಾಸ್ಟ್-ಫ್ರೀ ಫ್ರಿಜ್ಜಿನಲ್ಲಿ ಫ್ಯಾನು ಹಿಂಬದಿಯ ಕಿಂಡಿಗಳಿಂದ ತಂಪು ಗಾಳಿ ಊದುತ್ತದೆ. ಆ ಕಿಂಡಿಗೆ ಅಡ್ಡವಾಗಿ ಹುಳಿಯ ಪಾತ್ರೆ ಇಟ್ಟರೆ ಪಾತ್ರೆ ಹಿಂದಿನದು ಹೆಪ್ಪುಗಟ್ಟುತ್ತದೆ, ಮುಂದಿನದು ಹಳಸುತ್ತದೆ. ಹಿಂಬದಿಯ ಗೋಡೆಗೆ ಒತ್ತಿಟ್ಟ ಸೊಪ್ಪು ಗಾಜಿನಂತೆ ಪಾರದರ್ಶಕವಾಗಿ, ಹೊರಗೆ ತೆಗೆದೊಡನೆ ಕೊಳೆತಂತಾಗುವುದೂ ಇದರಿಂದಲೇ. ಯಾವ ಮಾದರಿಯಲ್ಲಾದರೂ ಬಾಗಿಲೇ ಎಲ್ಲಕ್ಕಿಂತ ಬೆಚ್ಚಗಿನ ಜಾಗ. ಕಂಪನಿಯವರು ಅಲ್ಲೇ ಮೊಟ್ಟೆಯ ಗುಳಿ ಮಾಡಿ ಕೊಟ್ಟಿದ್ದಾರೆ, ಆದರೂ ಮೊಟ್ಟೆ, ಹಾಲು ಒಳಗಿರಲಿ. ಬಾಗಿಲಿಗೆ ಉಪ್ಪಿನಕಾಯಿ, ಸಾಸು, ನೀರಿನ ಬಾಟಲಿ ಸಾಕು. ಮನೆಯಲ್ಲಿ ಇನ್ಸುಲಿನ್ ಇದ್ದರೆ ಅದಕ್ಕೆ 2ರಿಂದ 8 ಡಿಗ್ರಿ ಬೇಕು, ಹೆಪ್ಪುಗಟ್ಟಿದರೆ ಅದು ಕೆಲಸಕ್ಕೆ ಬಾರದು. ಆದ್ದರಿಂದ ಫ್ರೀಜರಿನ ಕೆಳಗಿನ ಜಾಗ ಅದಕ್ಕಲ್ಲ.

ಡಯಲಿನ ಮೇಲಿನ 1, 2, 3 ಡಿಗ್ರಿಗಳಲ್ಲ. ಸಾಮಾನ್ಯವಾಗಿ ಅಂಕಿ ಹೆಚ್ಚಿದಷ್ಟೂ ತಂಪು ಹೆಚ್ಚು. ಡಿಸೆಂಬರಿನ ಅಂಕಿಯನ್ನೇ ಕಲಬುರಗಿಯ ಮೇ ತಿಂಗಳಿಗೂ ಬಿಟ್ಟರೆ ಹಾಲು ಒಡೆಯುತ್ತದೆ. ಲೋಟ ನೀರಿನಲ್ಲಿ ಥರ್ಮಾಮೀಟರು ಮುಳುಗಿಸಿ ರಾತ್ರಿಯಿಡೀ ನಡುವಿನ ಹಲಗೆಯಲ್ಲಿಟ್ಟು ಬೆಳಿಗ್ಗೆ ನೋಡಿ (ಜ್ವರ ನೋಡುವುದು ಬೇಡ, ಅಡುಗೆಯದೋ ಫ್ರಿಜ್ಜಿನದೋ ಇರಲಿ). ನಾಲ್ಕೈದು ಡಿಗ್ರಿ ಇರಬೇಕು. ಫ್ರೀಜರಿನಲ್ಲಿ ಮೈನಸ್ 18.

ಈಗ ಸೊಪ್ಪಿಗೆ ಬರೋಣ. ಫ್ರಿಜ್ಜಿನಲ್ಲಿ ಮೊದಲು ಸಾಯುವುದು ಅದೇ. ಒಂದು ಕಟ್ಟು ಕೊತ್ತಂಬರಿಯನ್ನೇ ತೆಗೆದುಕೊಳ್ಳಿ. ಅಂಗಡಿಯವನು ಹಸಿರಾಗಿ ಕಾಣಲೆಂದು ನೀರು ಚಿಮುಕಿಸಿಯೇ ಕೊಟ್ಟಿರುತ್ತಾನೆ. ಆ ಒದ್ದೆ ಕಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಟ್ಟರೆ ಮೂರನೆಯ ದಿನ ನಡುವಿನ ಎಲೆಗಳು ಕಪ್ಪಾಗಿ ಲೋಳೆಯಾಗುತ್ತವೆ, ವಾಸನೆ ಇಡೀ ಫ್ರಿಜ್ಜಿಗೆ ಹಬ್ಬುತ್ತದೆ. ಬಿಚ್ಚಿ ಹಾಗೇ ಇಟ್ಟರೆ ಒಣಗಿ ಬಾಡುತ್ತದೆ. ಸೊಪ್ಪಿಗೆ ಸುತ್ತಲಿನ ಗಾಳಿಯಲ್ಲಿ ತೇವ ಬೇಕು, ಎಲೆಯ ಮೇಲೆ ನೀರು ನಿಲ್ಲಬಾರದು. ಹುರಿ ಬಿಚ್ಚಿ, ಬೇರು ಕತ್ತರಿಸಿ, ಹಳದಿ ಎಲೆ ಆರಿಸಿ ತೆಗೆದು, ಪಂಚೆಯ ಮೇಲೆ ಫ್ಯಾನಿನ ಕೆಳಗೆ ಅರ್ಧ ಗಂಟೆ ಹರವಿ, ಒಣ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ ಡಬ್ಬಿಗೆ ಹಾಕಿ. ಬಟ್ಟೆ ಒದ್ದೆಯಾಗಿದ್ದು ಕಂಡರೆ ಬದಲಿಸಿ. ವಾರ ಕಳೆದರೂ ಘಮ ಇರುತ್ತದೆ. ಹಸಿಮೆಣಸಿನಕಾಯಿಗೆ ತೊಟ್ಟು ಕಿತ್ತು ಇದೇ ಉಪಚಾರ. ಮೆಂತ್ಯ, ಸಬ್ಬಸಿಗೆ, ಪಾಲಕ್, ಹರಿವೆ ಎಲ್ಲಕ್ಕೂ ಇದೇ ದಾರಿ, ಆದರೆ ಅವು ಅಷ್ಟು ದಿನ ತಾಳುವುದಿಲ್ಲ. ಎಲೆ ಹಸಿರಾಗಿ ಕಂಡರೂ ಒಳಗಿನ ಸಿ ವಿಟಮಿನ್ ದಿನದಿಂದ ದಿನಕ್ಕೆ ಇಳಿಯುತ್ತಿರುತ್ತದೆ. ಭಾನುವಾರ ತಂದ ಸೊಪ್ಪಿನ ಗಡುವು ಮಂಗಳವಾರ ರಾತ್ರಿ ಎಂದು ನಿಗದಿ ಮಾಡಿಕೊಳ್ಳುವುದು ಒಳ್ಳೆಯದು.

ಸೊಪ್ಪಿನ ಇನ್ನೊಬ್ಬ ಶತ್ರು ಪಕ್ಕದಲ್ಲೇ ಕೂತಿರುತ್ತಾನೆ. ಹಣ್ಣಾಗುವ ಬಾಳೆ, ಮಾವು, ಪರಂಗಿ, ಸೇಬು, ಟೊಮೆಟೊ ಎಥಿಲೀನ್ ಎಂಬ ಅನಿಲ ಬಿಡುತ್ತವೆ. ಆ ಅನಿಲಕ್ಕೆ ಸೊಪ್ಪು ಹಳದಿಯಾಗುತ್ತದೆ, ಸೌತೆಕಾಯಿ ಮೆತ್ತಗಾಗುತ್ತದೆ, ಕ್ಯಾರೆಟ್ ಕಹಿಯಾಗುತ್ತದೆ. ಸೇಬನ್ನು ಸೊಪ್ಪಿನ ಡ್ರಾಯರಿನಲ್ಲಿ ಇಡದಿದ್ದರೆ ಅರ್ಧ ನಷ್ಟ ತಪ್ಪಿತು.

ಫ್ರಿಜ್ಜಿಗೆ ಹೋಗಲೇಬಾರದ ಸಾಮಾನು ಬೇರೆ ಇದೆ. ಆಲೂಗಡ್ಡೆಯನ್ನು ತಂಪಿನಲ್ಲಿಟ್ಟರೆ ಅದರ ಪಿಷ್ಟ ಸಕ್ಕರೆಯಾಗುತ್ತದೆ, ಹುರಿದಾಗ ಬೇಗ ಕಪ್ಪಾಗುತ್ತದೆ. ಈರುಳ್ಳಿ ಒಳಗಿನ ತೇವಕ್ಕೆ ಮೆತ್ತಗಾಗಿ ಮೊಳೆಯುತ್ತದೆ. ಟೊಮೆಟೊ ಹಣ್ಣಾಗುವ ತನಕ ಹೊರಗೇ ಇರಲಿ, ತಂಪಿಗೆ ಅದರ ಘಮ ಸಾಯುತ್ತದೆ. ಸಾರಿನಲ್ಲಿ ಅದರ ಕೊರತೆ ಗೊತ್ತಾಗದಿದ್ದರೂ ಕೋಸಂಬರಿಯಲ್ಲಿ ಗೊತ್ತಾಗುತ್ತದೆ. ಬಾಳೆಹಣ್ಣಿನ ಸಿಪ್ಪೆ ಕಪ್ಪಾಗುವುದನ್ನು ಎಲ್ಲರೂ ನೋಡಿದ್ದಾರೆ. ಬೂದುಗುಂಬಳ, ಸಿಹಿಗುಂಬಳ ಇಡಿಯಾಗಿದ್ದರೆ ತಿಂಗಳುಗಟ್ಟಲೆ ಮೂಲೆಯಲ್ಲಿ ಆರಾಮ. ಇವಿಷ್ಟನ್ನು ಹೊರಗೆ ಹಾಕಿದರೆ ಮೂರನೇ ಒಂದು ಭಾಗ ಜಾಗ ಖಾಲಿಯಾಗುವ ಫ್ರಿಜ್ಜುಗಳನ್ನು ನಾನು ಕಂಡಿದ್ದೇನೆ. ಅಲ್ಲಿ ಆಗ ರವೆ, ಕೊಬ್ಬರಿ, ಕಡಲೆಬೀಜ ಇಡಬಹುದು. ರವೆಗೆ ಹುಳ ಬೀಳುವುದಿಲ್ಲ, ಕೊಬ್ಬರಿ, ಕಡಲೆಬೀಜ ಕನಗುವುದಿಲ್ಲ.

ವಾರದ ಅಡುಗೆಯ ಸರದಿಯನ್ನು ತರಕಾರಿಯ ಆಯಸ್ಸೇ ಹೇಳುತ್ತದೆ. ಸೋಮವಾರ, ಮಂಗಳವಾರ ಸೊಪ್ಪು, ಬೆಂಡೆಕಾಯಿ. ಬುಧವಾರಕ್ಕೆ ಹುರುಳಿಕಾಯಿ, ಹೂಕೋಸು, ಬದನೆ. ಗುರುವಾರದ ಮೇಲೆ ಎಲೆಕೋಸು, ಕ್ಯಾರೆಟ್, ಬೀಟ್‌ರೂಟ್, ಸೀಮೆಬದನೆ, ಅವಕ್ಕೆ ಅವಸರವಿಲ್ಲ. ಬೇಗ ಹಾಳಾಗುವುದು ಕಣ್ಣಿನ ಎತ್ತರದ ಹಲಗೆಯಲ್ಲಿ, ತಾಳುವುದು ಕೆಳಗೆ ಡ್ರಾಯರಿನಲ್ಲಿ. ನಾವು ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧ ಮಾಡುತ್ತೇವೆ: ಸೊಪ್ಪನ್ನು ಡ್ರಾಯರಿನ ತಳಕ್ಕೆ ತುರುಕಿ ಜಾಮಿನ ಬಾಟಲಿಯನ್ನು ಕಣ್ಣೆದುರು ಇಡುತ್ತೇವೆ. ಬಿಡಿಸಿದ ಸೊಪ್ಪು ಡಬ್ಬಿಯಲ್ಲಿ ಎದುರಿಗೇ ಇದ್ದರೆ ಉಪ್ಪೆಸರಿಗೆ ಅರ್ಧ ಗಂಟೆ ಸಾಕು. ಕಾಳೂ ಹಾಗೆಯೇ. ಶನಿವಾರ ಬೆಳಿಗ್ಗೆ ನೆನೆಸಿ ರಾತ್ರಿ ಬಟ್ಟೆಯಲ್ಲಿ ಕಟ್ಟಿದ ಹೆಸರುಕಾಳು ಭಾನುವಾರ ಮೊಳೆತಿರುತ್ತದೆ, ಹುರುಳಿ ಇನ್ನೊಂದು ದಿನ ಕೇಳುತ್ತದೆ. ಮೊಳಕೆ ಬರುವ ಬೆಚ್ಚಗಿನ ತೇವದಲ್ಲೇ ಬ್ಯಾಕ್ಟೀರಿಯಾ ಕೂಡ ಬೆಳೆಯುವುದರಿಂದ ಹಸಿಯಾಗಿ ತಿನ್ನುವುದಾದರೆ ಅವತ್ತೇ, ಉಳಿದದ್ದು ಎರಡು ಮೂರು ದಿನದೊಳಗೆ ಬೇಯಿಸಿ ಸಾರಿಗೆ, ಉಸಲಿಗೆ.

ದೋಸೆ ಹಿಟ್ಟಿನ ವಿಚಾರದಲ್ಲಿ ಮಾತ್ರ ಯಾರಿಗೂ ಪಾಠ ಬೇಡ. ಮೊದಲ ದಿನ ಇಡ್ಲಿ, ಮರುದಿನ ದೋಸೆ, ಹುಳಿ ಏರಿದ ಮೇಲೆ ಈರುಳ್ಳಿ, ಹಸಿಮೆಣಸು, ಕ್ಯಾರೆಟ್ ತುರಿ ಸೇರಿಸಿ ಪಡ್ಡು. ತಂಪು ಹುದುಗುವಿಕೆಯನ್ನು ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ ಎಂಬುದನ್ನು ಲೆಕ್ಕದಲ್ಲಿಟ್ಟುಕೊಂಡೇ ನಮ್ಮವರು ಈ ಸರದಿ ಕಂಡುಕೊಂಡಿದ್ದಾರೆ. ಡಬ್ಬಿಯಲ್ಲಿ ಅರ್ಧ ಖಾಲಿ ಬಿಡುವುದನ್ನು ಮರೆತವರಿಗೆ ಫ್ರಿಜ್ ತೊಳೆಯುವ ಕೆಲಸ ಸಿಗುತ್ತದೆ.

ಫ್ರೀಜರ್ ನಮ್ಮ ಮನೆಗಳಲ್ಲಿ ಐಸ್ ತಟ್ಟೆ, ಐಸ್‌ಕ್ರೀಮು, ಒಂದು ಪ್ಯಾಕೆಟ್ ಬಟಾಣಿಗಷ್ಟೇ ಮೀಸಲಾದ ಬಡಪಾಯಿ. ಅದರ ಬೆಲೆ ಗೊತ್ತಾಗುವುದು ಅವರೆಕಾಯಿ ಕಾಲದಲ್ಲಿ. ಡಿಸೆಂಬರ್, ಜನವರಿಯ ಇಬ್ಬನಿಗೆ ಸೊಗಡು ತುಂಬಿದ ಕಾಯಿ ಮಾಗಡಿ ಕಡೆಯಿಂದ ಬೆಂಗಳೂರಿಗೆ ರಾಶಿ ರಾಶಿ ಬಂದಿಳಿಯುತ್ತದೆ. ಮನೆಮಂದಿಯೆಲ್ಲ ಟಿವಿ ಮುಂದೆ ಕೂತು ಸುಲಿಯುತ್ತಾರೆ. ರಾತ್ರಿ ನೆನೆಸಿದ ಕಾಳನ್ನು ಬೆಳಿಗ್ಗೆ ಹೆಬ್ಬೆರಳು, ತೋರುಬೆರಳ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಾತ್ರೆಗೆ ಚಿಮ್ಮುತ್ತದೆ. ಹಿತಕಿದ ಬೇಳೆ ಸಾರಿನ ರುಚಿಯ ಹಿಂದೆ ಇರುವುದು ಇಷ್ಟು ಬೆರಳ ಕೆಲಸ. ಅದನ್ನು ಮಾರ್ಚಿಗೂ ಏಪ್ರಿಲಿಗೂ ಉಳಿಸಿಕೊಳ್ಳುವುದೇ ಫ್ರೀಜರಿನ ನಿಜವಾದ ಉಪಯೋಗ.

ಆದರೆ ಕಾಳನ್ನು ಚೀಲಕ್ಕೆ ಸುರಿದು ಹಾಗೇ ತುರುಕಿದರೆ ಎರಡು ತೊಂದರೆ. ಒಂದು, ಎಲ್ಲ ಸೇರಿ ಕಲ್ಲಾಗುತ್ತದೆ. ಒಂದು ಹಿಡಿ ಬೇಕೆಂದರೆ ಲಟ್ಟಣಿಗೆಯಲ್ಲಿ ಹೊಡೆಯಬೇಕು. ಎರಡು, ಕಾಳಿನೊಳಗಿನ ಕಿಣ್ವಗಳು ಮೈನಸ್ 18ರಲ್ಲೂ ನಿಧಾನವಾಗಿ ಕೆಲಸ ಮಾಡುತ್ತಾ ಬಣ್ಣ, ರುಚಿ ಕೆಡಿಸುತ್ತವೆ. ಕುದಿಯುವ ನೀರಿನಲ್ಲಿ ಎರಡು ಮೂರು ನಿಮಿಷ ಬಿಟ್ಟು ತಕ್ಷಣ ತಣ್ಣೀರಿಗೆ ಹಾಕಿದರೆ ಕಿಣ್ವಗಳ ಆಟ ನಿಲ್ಲುತ್ತದೆ. ಆಮೇಲೆ ಬಟ್ಟೆಯ ಮೇಲೆ ಆರಿಸಿ, ತಟ್ಟೆಯಲ್ಲಿ ಒಂದೇ ಪದರವಾಗಿ ಹರವಿ ಫ್ರೀಜರಿನಲ್ಲಿಡಿ. ಬಿಡಿಬಿಡಿಯಾಗಿ ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬಿ ಗಾಳಿ ಹೊರಗೆ ಒತ್ತಿ ಕಟ್ಟಿ. ಒಂದು ಸಲಕ್ಕೆ ಸ್ವಲ್ಪವೇ ಇಡಬೇಕು. ಸಣ್ಣ ಫ್ರೀಜರಿಗೆ ಮೂರು ಕಿಲೊ ಒಟ್ಟಿಗೆ ಹಾಕಿದರೆ ಎಲ್ಲವೂ ನಿಧಾನವಾಗಿ ಗಟ್ಟಿಯಾಗುತ್ತದೆ, ನಿಧಾನವಾದಷ್ಟೂ ಒಳಗಿನ ನೀರು ದೊಡ್ಡ ದೊಡ್ಡ ಹರಳಾಗಿ ಕಾಳಿನ ಕೋಶಗಳನ್ನು ಹರಿಯುತ್ತದೆ, ಬೇಯಿಸಿದಾಗ ಕಾಳು ಹಿಟ್ಟಾಗುತ್ತದೆ. ಅಮೆರಿಕದ ಕನ್ನಡಿಗರಿಗೆ ಇದೆಲ್ಲ ಹೊಸದಲ್ಲ. ಇಂಡಿಯನ್ ಸ್ಟೋರಿನ ಫ್ರೀಜರಿನಲ್ಲಿ ಸಿಗುವ ಗುಜರಾತಿಗಳ ಸೂರ್ತಿ ಲಿಲ್ವಾ ಪ್ಯಾಕೆಟ್ಟಿನಲ್ಲೇ ಅವರು ಅವರೆಕಾಳಿನ ಉಪ್ಪಿಟ್ಟಿನ ಆಸೆ ತೀರಿಸಿಕೊಳ್ಳುತ್ತಾರೆ.

ಅವರೆ ವರ್ಷಕ್ಕೊಂದು ಹಬ್ಬ. ದಿನನಿತ್ಯ ಕೈ ಹಿಡಿಯುವುದು ಕಾಯಿತುರಿ. ಒಡೆದ ಹೋಳು ಫ್ರಿಜ್ಜಿನಲ್ಲಿ ಮೂರ್ನಾಲ್ಕು ದಿನಕ್ಕೇ ಜಿಡ್ಡುಗಟ್ಟುತ್ತದೆ, ತುರಿದು ಫ್ರೀಜರಿಗೆ ಹಾಕಿದರೆ ತಿಂಗಳು ಕಳೆದರೂ ಚಿಂತೆಯಿಲ್ಲ. ಚೀಲದಲ್ಲಿ ರೊಟ್ಟಿಯಷ್ಟು ತೆಳುವಾಗಿ ಒತ್ತಿಡಿ, ಆಗ ಬೇಕಾದಷ್ಟು ಮುರಿದುಕೊಳ್ಳಬಹುದು. ಬಸ್ಸಾರಿಗೆ, ಮಜ್ಜಿಗೆಹುಳಿಗೆ ರುಬ್ಬಿದ ಮಸಾಲೆಯನ್ನೂ ಒಂದು ಊಟದ ಅಳತೆಗೆ ಸಣ್ಣ ಡಬ್ಬಿಗಳಲ್ಲಿ ಹಾಕಿಡಬಹುದು. ಹುಣಸೆ ರಸ, ನಿಂಬೆರಸ ಐಸ್ ತಟ್ಟೆಯಲ್ಲಿ. ಯುಗಾದಿ ಹೊತ್ತಿನ ಮಾವಿನಕಾಯಿ ತುರಿ ಆಷಾಢದ ಚಿತ್ರಾನ್ನಕ್ಕೆ. ಕರಿಬೇವು ಬಣ್ಣಗೆಟ್ಟರೂ ಘಮ ಬಿಡುವುದಿಲ್ಲ, ಆದರೆ ಮಂಜಿನ ಸಮೇತ ಒಗ್ಗರಣೆಗೆ ಹಾಕಿದರೆ ಎಣ್ಣೆ ಮುಖಕ್ಕೆ ಸಿಡಿಯುತ್ತದೆ. ಶುಂಠಿ-ಬೆಳ್ಳುಳ್ಳಿ ಪೇಸ್ಟು ಎಣ್ಣೆ ಹಾಕಿದ್ದೇವೆಂದು ಹೊರಗಿಡುವುದು ಅಪಾಯ. ಗಾಳಿಯಾಡದ ಎಣ್ಣೆಯ ಅಡಿಯಲ್ಲಿ ಬೊಟುಲಿಸಮ್ ವಿಷದ ಬ್ಯಾಕ್ಟೀರಿಯಾ ಬೆಳೆಯಬಲ್ಲದು. ಅದೂ ಫ್ರೀಜರಿಗೇ ಹೋಗಲಿ.

ಕರಾವಳಿಯ ಮನೆಗಳಲ್ಲಿ ಬಂಗುಡೆ, ಬೂತಾಯಿಗೆ ಅವಸರ ಹೆಚ್ಚು. ಈ ಮೀನುಗಳು ಬೆಚ್ಚಗೆ ಬಿದ್ದಿದ್ದರೆ ಅವುಗಳಲ್ಲಿ ಹಿಸ್ಟಮಿನ್ ಹುಟ್ಟುತ್ತದೆ, ಎಷ್ಟು ಕಾಯಿಸಿದರೂ ಅದು ಹೋಗುವುದಿಲ್ಲ. ತಿಂದವರ ಮೈ ಕೆಂಪೇರಿ ತುರಿಸುತ್ತದೆ. ಮಾರುಕಟ್ಟೆಯಿಂದ ಬಂದ ತಕ್ಷಣ ಶುಚಿ ಮಾಡಿ, ಒಂದು ಹೊತ್ತಿನ ಪಾಲು ಮಾಡಿ ಗಟ್ಟಿ ಮಾಡಿಡಬೇಕು, ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಚಿಲ್ಲರ್ ತಟ್ಟೆಗೆ ಇಳಿಸಿದರೆ ಸಂಜೆಗೆ ಬಿಟ್ಟುಕೊಂಡಿರುತ್ತದೆ. ಹೊರಗೆ ಬಿಟ್ಟುಕೊಂಡದ್ದನ್ನು ಮತ್ತೆ ಗಟ್ಟಿ ಮಾಡುವುದು ಬೇಡ. ಫ್ರೀಜರ್ ಬ್ಯಾಕ್ಟೀರಿಯಾಗಳನ್ನು ಮಲಗಿಸುತ್ತದೆ, ಕೊಲ್ಲುವುದಿಲ್ಲ.

ಬೇಯಿಸಿದ ಅಡುಗೆ ಉಳಿಯುವುದಂತೂ ತಪ್ಪಿದ್ದಲ್ಲ. ಅದರಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ಅನ್ನಕ್ಕೆ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣು ಕುದಿತಕ್ಕೂ ಸಾಯದೆ, ಅನ್ನ ಉಗುರುಬೆಚ್ಚಗಿದ್ದಾಗ ಮೊಳೆತು, ಮತ್ತೆ ಬಿಸಿ ಮಾಡಿದರೂ ಹೋಗದ ವಿಷ ಬಿಡುತ್ತದೆ. ಮಧ್ಯಾಹ್ನದ ಅನ್ನವನ್ನು ಕುಕ್ಕರಿನಲ್ಲೇ ರಾತ್ರಿತನಕ ಬಿಟ್ಟು ಚಿತ್ರಾನ್ನ ಮಾಡುವ ಅಭ್ಯಾಸ ಬಿಡಬೇಕಾದದ್ದು ಇದಕ್ಕೇ. ಅಗಲವಾದ ತಟ್ಟೆಗೆ ಹರವಿದರೆ ಬೇಗ ಆರುತ್ತದೆ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಹೋಗಲಿ, ಮರುದಿನ ಮುಗಿಯಲಿ. ಸಾರು, ಪಲ್ಯ ಮೂರು ದಿನ.

ಡಬ್ಬಿಗಳ ಬಗ್ಗೆ ಒಂದು ಮಾತು. ಅಂದದ ಪಾರದರ್ಶಕ ಡಬ್ಬಿಗಳ ಸೆಟ್ಟು ಕೊಳ್ಳದಿದ್ದರೂ ನಡೆಯುತ್ತದೆ. ನಮ್ಮ ಸ್ಟೀಲ್ ಡಬ್ಬಿ ಬೇಗ ತಣ್ಣಗಾಗುತ್ತದೆ, ವಾಸನೆ ಹಿಡಿಯುವುದಿಲ್ಲ. ಅದರ ದೋಷ ಒಂದೇ, ಒಳಗೇನಿದೆ ಎಂದು ಕಾಣುವುದಿಲ್ಲ. ಮುಚ್ಚಳಕ್ಕೆ ಕಾಗದದ ಟೇಪು ಅಂಟಿಸಿ ಹೆಸರು, ತಾರೀಖು ಬರೆದರೆ ಆಯಿತು. ಫ್ರೀಜರಿನಲ್ಲಿರುವುದರ ಪಟ್ಟಿ ಬಾಗಿಲ ಹೊರಗಿರಲಿ.

ಬರೆದಿಡುವುದರಿಂದ ಆಗುವ ದೊಡ್ಡ ಲಾಭ ಬೇರೆಯೇ ಇದೆ. ಅನೇಕ ಮನೆಗಳಲ್ಲಿ ಫ್ರಿಜ್ಜಿನ ನಕ್ಷೆ ಒಬ್ಬಳ ತಲೆಯಲ್ಲಿ ಮಾತ್ರ ಇರುತ್ತದೆ. ಅವಳು ಆಫೀಸಿನಲ್ಲಿ ಮೀಟಿಂಗಿನಲ್ಲಿದ್ದಾಗ ಫೋನು: "ಕಾಯಿತುರಿ ಎಲ್ಲಿಟ್ಟಿದ್ದೀಯ ಕಣೇ?" ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಅದಕ್ಕಾಗಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97, ಅದೂ ಆ ಕೆಲಸಕ್ಕೆ ಕೈಹಾಕುವ ನಾಲ್ವರಲ್ಲೊಬ್ಬ ಗಂಡಸಿನ ಲೆಕ್ಕ. ಭಾನುವಾರದ ಸೊಪ್ಪು ಬಿಡಿಸುವಿಕೆ, ಕಾಯಿ ತುರಿಯುವಿಕೆಯೂ ಅವಳ ಪಾಲಿಗೇ ಬಿದ್ದರೆ ಈ ವ್ಯವಸ್ಥೆಯಿಂದ ವಾರದ ದಣಿವು ರಜೆಯ ದಿನಕ್ಕೆ ವರ್ಗವಾಯಿತು ಅಷ್ಟೇ. ಹೆಸರು ಬರೆದ ಡಬ್ಬಿ, ಅಳತೆ ಮಾಡಿಟ್ಟ ಮಸಾಲೆ ಇದ್ದರೆ ಹತ್ತನೇ ಕ್ಲಾಸಿನ ಹುಡುಗನೂ ಕುಕ್ಕರಿಗೆ ಬೇಳೆ, ಸೊಪ್ಪು ಹಾಕಿ ಸೀಟಿ ಎಣಿಸಬಲ್ಲ.

ಕೊನೆಗೆ ಕರೆಂಟು. ಬಾಗಿಲು ತೆಗೆಯದಿದ್ದರೆ ಫ್ರಿಜ್ಜಿನ ತಂಪು ನಾಲ್ಕು ಗಂಟೆ ನಿಲ್ಲುತ್ತದೆ. ಒತ್ತಾಗಿ ತುಂಬಿದ ದೊಡ್ಡ ಫ್ರೀಜರು ಎರಡು ದಿನದವರೆಗೂ ತಡೆಯಬಲ್ಲದು, ಅರ್ಧ ಖಾಲಿ ಇದ್ದರೆ ಒಂದು ದಿನ. ಒಂದೇ ಬಾಗಿಲಿನ ಫ್ರಿಜ್ಜಿನ ಪುಟ್ಟ ಪೆಟ್ಟಿಗೆಯಿಂದ ಅಷ್ಟು ನಿರೀಕ್ಷಿಸಬೇಡಿ. ಊರಿಗೆ ಹೋಗುವ ಮುಂಚೆ ಒಂದು ಬಟ್ಟಲು ನೀರನ್ನು ಫ್ರೀಜರಿನಲ್ಲಿ ಗಟ್ಟಿ ಮಾಡಿ ಮೇಲೊಂದು ರೂಪಾಯಿ ನಾಣ್ಯ ಇಟ್ಟುಹೋಗಿ. ಬಂದಾಗ ನಾಣ್ಯ ಮೇಲೆಯೇ ಇದ್ದರೆ ಸರಿ. ತಳ ಸೇರಿ ಅದರ ಮೇಲೆ ಮಂಜುಗಡ್ಡೆ ಕಟ್ಟಿದ್ದರೆ ನೀವಿಲ್ಲದಾಗ ಎಲ್ಲ ಕರಗಿ ಮತ್ತೆ ಹೆಪ್ಪುಗಟ್ಟಿದೆ ಎಂದರ್ಥ: ನಿಂಬೆರಸ, ಹುಣಸೆ ರಸ ಇಟ್ಟುಕೊಳ್ಳಿ, ಕಾಯಿತುರಿ, ಕಾಳು, ಮಸಾಲೆ ಎಸೆಯಿರಿ, ಬಂಗುಡೆಯನ್ನು ಬೆಕ್ಕಿಗೂ ಹಾಕಬೇಡಿ.